ಬಿಸಿಲು ಗಾಜಿನ ಹೊರಗೇ ನಿಲ್ಲಲಿ



ಬಿಳಿ ಪಂಚೆಯ ಮೇಲೆ ಅರಿಶಿನದ ಕಲೆ ಬಿದ್ದರೆ ನಿಮ್ಮ ಅಜ್ಜಿ ಏನು ಮಾಡುತ್ತಾರೆ? ಸೋಪು ಹಚ್ಚಿ ಒಗೆದು ಬಿಸಿಲಿಗೆ ಹರವುತ್ತಾರೆ. ಸೋಪಿಗೆ ಬಗ್ಗದ ಹಳದಿಯನ್ನು ಬಿಸಿಲು ತಿಂದುಹಾಕುತ್ತದೆ. ಅಜ್ಜಿಗೆ ಉಪಕಾರ ಮಾಡುವ ಇದೇ ಬಿಸಿಲು, ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದ ಸೀರೆಯನ್ನು ಸುಮ್ಮನೆ ಬಿಟ್ಟೀತೇ?

ಈ ಮಾತು ಈಗ ಏಕೆಂದರೆ, ಮುಂಬಯಿ, ಪುಣೆಗಳಲ್ಲಿ ನಮ್ಮವರ ಎಷ್ಟೋ ಅಂಗಡಿಗಳು ಅಪ್ಪಂದಿರ ಕೈಯಿಂದ ನಿಮ್ಮ ಕೈಗೆ ಬರುತ್ತಿವೆ. ಬಂದೊಡನೆ ಹಳೆಯ ಕ್ಯಾನ್ವಾಸ್ ಚಪ್ಪರ ಕಿತ್ತು, ನೆಲದಿಂದ ಚಾವಣಿಯವರೆಗೆ ಗಾಜು ಹಾಕಿಸುವ ಆಸೆ ನಿಮಗೆ. ಅಂದವೇನೋ ಹೌದು. ಆದರೆ ತಂಗಿಯ ಮಗಳ ಮದುವೆಗೆ ಸೀರೆ ಕೊಳ್ಳಲು ಅಂಥದೊಂದು ಅಂಗಡಿಗೆ ಹೋಗಿದ್ದೆ. ನೇರಳೆ ಬಣ್ಣದ ರೇಷ್ಮೆ ಸೀರೆಯನ್ನು ಬಿಡಿಸಿದರೆ ಮಡಿಕೆಯ ಉದ್ದಕ್ಕೂ ಮಾಸಲು ಗೆರೆ! ತೋರಿಸುತ್ತಿದ್ದ ಯುವಕನ ಮುಖ ಬಾಡಿತು. ಸೀರೆಯ ನಷ್ಟ ಒಂದು ದಿನದ್ದು. ‘ಅಲ್ಲಿ ಹಳೇ ಮಾಲು ಕೊಡ್ತಾರೆ’ ಎಂಬ ಹೆಸರು ಬಂದರೆ ಅದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ನಾನು ಬಿ.ಎ.ಗೆ ಇಂಗ್ಲಿಷ್ ಓದಿದವಳು. ಆ ಭಾಷೆಯಲ್ಲಿ ‘ಫಾಸ್ಟ್ ಕಲರ್’ ಎಂದರೆ ಓಡುವ ಬಣ್ಣವಲ್ಲ, ಗಟ್ಟಿಯಾಗಿ ನಿಲ್ಲುವ ಬಣ್ಣ. ಆದರೆ ನೀರಿಗೆ ಗಟ್ಟಿಯಾದದ್ದು ಬೆಳಕಿಗೂ ಗಟ್ಟಿ ಎಂದೇನಿಲ್ಲ. ಸಾಮಾನ್ಯ ಗಾಜು ನೇರಳಾತೀತ ಕಿರಣಗಳಲ್ಲಿ ಒಂದು ಭಾಗವನ್ನಷ್ಟೇ ತಡೆಯುತ್ತದೆ. ಉಳಿದದ್ದು ಒಳಗೆ ಬರುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಕೆಡಿಸುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಬಟ್ಟೆಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕೆನ್ನುತ್ತಾರೆ. ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್! ದಿನದಿನದ ಹಾನಿ ಕೂಡುತ್ತಾ ಹೋಗುತ್ತದೆ, ಹೋದ ಬಣ್ಣ ಮರಳುವುದಿಲ್ಲ.

ಇನ್ನು ಸೆಖೆಯ ಮಾತು. ಗಾಜು ದಾಟಿದ ಬಿಸಿಲು ನೆಲ, ಕಪಾಟುಗಳಿಗೆ ಬಡಿದು ಶಾಖವಾಗುತ್ತದೆ. ಆ ಶಾಖ ಬಂದ ದಾರಿಯಲ್ಲೇ ಸುಲಭವಾಗಿ ಹೊರಗೆ ಹೋಗದು. ಒಳಗಡೆ ಪರದೆ ಎಳೆದರೆ ಸೀರೆಯ ಬಣ್ಣ ಉಳಿದೀತು, ಆದರೆ ಶಾಖ ಆಗಲೇ ಒಳಗೆ ಬಂದಾಯಿತು. ಅದನ್ನು ಹೊರಹಾಕುವ ಕೂಲಿಯನ್ನು ಎ.ಸಿ.ಯ ಬಿಲ್ಲಿನಲ್ಲಿ ನೀವೇ ತೆರಬೇಕು. ಕಳ್ಳನನ್ನು ಬಾಗಿಲ ಹೊರಗೇ ತಡೆಯಬೇಕಲ್ಲವೇ? ನಿಮ್ಮ ಅಪ್ಪನ ಚಪ್ಪರ ಮಾಡುತ್ತಿದ್ದುದು ಅದನ್ನೇ.

ಮೊದಲು ಅಂಗಡಿಯ ಮುಖ ಯಾವ ದಿಕ್ಕಿಗೆಂದು ನೋಡಿ. ಮುಂಬಯಿಯಲ್ಲಿ ಮೇ ಮಧ್ಯಭಾಗದಲ್ಲೂ ಜುಲೈ ಕೊನೆಯಲ್ಲೂ ನಡುಹಗಲ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲುತ್ತಾನೆ. ಹಾಗಾಗಿ ದಕ್ಷಿಣಕ್ಕೆ ಮುಖಮಾಡಿದ ಅಂಗಡಿಗೆ ಬೇಸಿಗೆಗಿಂತ ಚಳಿಗಾಲದಲ್ಲೇ ಬಿಸಿಲು ಹೆಚ್ಚು. ಅಲ್ಲಿ ಅಗಲವಾದ ಸಜ್ಜಾ ಸಾಕಾಗುತ್ತದೆ. ಪಶ್ಚಿಮದ ಅಂಗಡಿಗೆ ಸಜ್ಜಾ ಸಾಲದು. ಇಳಿಹೊತ್ತಿನ ಸೂರ್ಯ ಅದರ ಕೆಳಗಿನಿಂದಲೇ ನುಗ್ಗುತ್ತಾನೆ. ಅಲ್ಲಿ ಮುಂದಕ್ಕೆ ಬಾಗಿದ, ಮಡಚಬಹುದಾದ ಚಪ್ಪರ, ಇಲ್ಲವೇ ಗಾಜಿನ ಹೊರಗೆ ಇಳಿಬಿಡುವ ಬಿದಿರುಕಡ್ಡಿಯ ಪರದೆ ಬೇಕು. ಫುಟ್‌ಪಾತಿನ ಮೇಲೆ ಚಾಚುವ ಮೊದಲು ನಗರಪಾಲಿಕೆಯನ್ನು ಕೇಳಿ, ದಾರಿ ಎಲ್ಲರದು.

ಚಪ್ಪರಕ್ಕೆ ಜಾಗವಿಲ್ಲವೇ? ನೇರಳಾತೀತ ಕಿರಣ ತಡೆಯುವ ಫಿಲ್ಮ್ ಅಂಟಿಸಬಹುದು, ಅಥವಾ ಎರಡು ಪದರಗಳ ಲ್ಯಾಮಿನೇಟೆಡ್ ಗಾಜು ಹಾಕಿಸಬಹುದು. ಕಪ್ಪಾದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ಕಪ್ಪು ಫಿಲ್ಮ್ ಶಾಖ ಹೀರಿ ಗಾಜನ್ನೇ ಕಾಯಿಸುತ್ತದೆ. ನೇರಳಾತೀತ ಎಷ್ಟು, ಶಾಖ ಎಷ್ಟು ತಡೆಯುತ್ತದೆಂದು ಬರಹದಲ್ಲಿ ಕೇಳಿ ಪಡೆಯಿರಿ. ಏನೇ ಹಾಕಿಸಿದರೂ ಪ್ರದರ್ಶನದ ಸೀರೆಗಳನ್ನು ವಾರಕ್ಕೊಮ್ಮೆ ಬದಲಿಸಿ, ಮಡಿಕೆ ತಿರುಗಿಸಿಡಿ. ದಿಲ್ಲಿ, ಹೈದರಾಬಾದುಗಳ ಒಣ ಬೇಸಿಗೆಯಲ್ಲಿ ನೀರು ಚಿಮುಕಿಸಿದ ಲಾವಂಚದ ತಟ್ಟಿ ತಂಪು ಕೊಡುತ್ತದೆ. ಮುಂಬಯಿ, ಚೆನ್ನೈಗಳ ಜಿಗಿ ಸೆಖೆಯಲ್ಲಿ ಅದರ ಆಟ ಅಷ್ಟಾಗಿ ನಡೆಯದು.

ಕೊನೆಗೊಂದು ಮಾತು. ಬಾಡಿದ ಸೀರೆಯನ್ನು ಅರ್ಧ ಬೆಲೆಗಾದರೂ ಮಾರಬಹುದು. ಆದರೆ ಊರಿನಿಂದ ಬಂದು ಆ ಗಾಜಿನ ಪಕ್ಕದಲ್ಲೇ ದಿನವಿಡೀ ನಿಲ್ಲುವ ಹುಡುಗನೂ ಇದ್ದಾನಲ್ಲ! ನಾಳೆ ಮಧ್ಯಾಹ್ನ 3ರಿಂದ 5ರವರೆಗೆ ಅವನ ಜಾಗದಲ್ಲಿ ನೀವು ನಿಂತು ನೋಡಿ. ಚಪ್ಪರ ಬೇಕೋ ಬೇಡವೋ ಎಂಬುದನ್ನು ಮತ್ತೆ ನನ್ನನ್ನು ಕೇಳಬೇಕಾಗಿಲ್ಲ.