ಸೇಂಟ್ ಪಾಲ್ ನಗರದ ಕಿರುದೋಟಗಳು
ಅಮೆರಿಕೆಯ ಮಿನ್ನೆಸೋಟಾ ಸೀಮೆಯ ಸೇಂಟ್ ಪಾಲ್ ನಗರದಲ್ಲಿ ನಾವು ಕಂಡ ಮನೆಯಂಗಳಗಳು ಕಿರಿದಾದುವು. ಅಲ್ಲಿಯ ಚಳಿಯಾದರೋ ಬಲು ಕ್ರೂರವಾದುದು. ಜಪಾನ್ ಮೂಲದ ಹೈಡ್ರೇಂಜಿಯವು ಸಾಮಾನ್ಯವಾಗಿ ಹಿಂದಿನ ವರ್ಷದ ಕೊಂಬೆಯಲ್ಲಿಯೇ ಮೊಗ್ಗು ಕಟ್ಟುವುದು. ಹಿಮಕ್ಕೆ ಕೊಂಬೆ ಸತ್ತಿತೆಂದರೆ ಆ ವರ್ಷ ಬರಿಯ ಎಲೆಯೇ ಗತಿ! ಇದೇ ನಗರದ ತೋಟವೊಂದರಲ್ಲಿ ದೊರೆತು, 2004ರಲ್ಲಿ ಮಾರಾಟಕ್ಕೆ ಬಂದ ‘ಎಂಡ್‌ಲೆಸ್ ಸಮ್ಮರ್’ ತಳಿಯು ಹೊಸ ಚಿಗುರಿನಲ್ಲಿಯೂ ಹೂ ಬಿಡುವುದು. ಇಕ್ಕಟ್ಟಾದ ಅಂಗಳಕ್ಕೆ ಅದಕ್ಕಿಂತ ಕುಳ್ಳಾದ ‘ಸಮ್ಮರ್ ಕ್ರಷ್’ ನಮಗೆ ಹೆಚ್ಚು ಒಪ್ಪಿತು. ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು, ಬುಡದಲ್ಲಿ ಆರದ ತೇವ, ಇಷ್ಟನ್ನೇ ಅದು ಬೇಡುವುದು. ಬಾಡಿದ ಗೊಂಚಲನ್ನು ತೆಗೆಯುತ್ತಿದ್ದರೆ ಮರುಹೂವಿಗೆ ಅನುಕೂಲ. ಶರತ್ಕಾಲದಲ್ಲಿ ಕತ್ತರಿ ಹಿಡಿಯುವ ಉತ್ಸಾಹವನ್ನು ಮಾತ್ರ ಗೃಹಸ್ಥರು ತಡೆದುಕೊಳ್ಳಬೇಕು. ಚಳಿಯಿಂದ ಉಳಿದುಬಂದ ಹಳೆಯ ಕೊಂಬೆಯೇ ಬೇಸಗೆಯ ಮೊದಲ ಹೂವನ್ನು ಕೊಡುವುದು.