ಪೇಟೆಯ ಮಾರ್ಗದರ್ಶಕನು

ಪುಣ್ಯಕ್ಷೇತ್ರಗಳಲ್ಲಿ ಯಾತ್ರಿಕರನ್ನು ಕರೆದೊಯ್ದು ದೇವಾಲಯಗಳನ್ನೂ ತೀರ್ಥಗಳನ್ನೂ ತೋರಿಸಿ ಸ್ಥಳಮಾಹಾತ್ಮ್ಯವನ್ನು ಹೇಳತಕ್ಕವರು ಹಿಂದಿನಿಂದಲೂ ಉಂಟು. ವ್ಯಾಪಾರದ ಪೇಟೆಗೂ ಒಂದು ಮಾಹಾತ್ಮ್ಯವಿದ್ದೀತೆಂದಾಗಲಿ, ಅದನ್ನು ಹೇಳುವುದಕ್ಕೆ ಒಬ್ಬನು ಬೇಕಾದಾನೆಂದಾಗಲಿ ಹಿರಿಯರು ಎಣಿಸಿರಲಾರರು. ಈಗಲಾದರೋ ಬೆಂಗಳೂರಿನ ಹಳೆಯ ಪೇಟೆಯಲ್ಲಿ ಭಾನುವಾರದ ಪ್ರಾತಃಕಾಲ, ಅಂಗಡಿಗಳ ಬಾಗಿಲು ತೆರೆಯುವುದಕ್ಕೆ ಮುಂಚೆ, ಹತ್ತು ಹದಿನೈದು ಮಂದಿಯನ್ನು ಹಿಂದಿಟ್ಟುಕೊಂಡು, ಅಲ್ಲಲ್ಲಿ ನಿಂತು ಮಾತನಾಡುತ್ತ ನಡೆಯುವ ಮಾರ್ಗದರ್ಶಕನನ್ನು ಕಾಣಬಹುದು. 1984ರಲ್ಲಿ ಸ್ಥಾಪಿತವಾದ ಇಂಟ್ಯಾಕ್ ಎಂಬ ಪರಂಪರಾರಕ್ಷಣೆಯ ಸಂಸ್ಥೆಯ ಬೆಂಗಳೂರು ಶಾಖೆಯು ಇಂಥ ನಡಿಗೆಗಳನ್ನು ಏರ್ಪಡಿಸುತ್ತ ಬಂದಿದೆ. ಆಸಕ್ತಿಯಿಂದಲೋ ಜೀವನೋಪಾಯಕ್ಕಾಗಿಯೋ ಈ ಕೆಲಸವನ್ನು ಸ್ವತಂತ್ರವಾಗಿ ಕೈಕೊಂಡವರೂ ಇದ್ದಾರೆ. ಅವರಲ್ಲಿ, ಪೇಟೆಯಲ್ಲಿಯೇ ಹುಟ್ಟಿ ಬೆಳೆದ ಒಬ್ಬಾತನ ರೀತಿಯು ವಿಚಾರಕ್ಕೆ ಯೋಗ್ಯವಾದುದು.

ಆತನ ಹಿಂದೆ ಬರತಕ್ಕವರು ಯಾರು? ಪರದೇಶದವರು ಕೆಲವರು, ಉಳಿದವರಲ್ಲಿ ಬಹುಮಂದಿ ಇದೇ ಊರಿನವರೆ. 1898ರಲ್ಲಿ ಪ್ಲೇಗು ಮಾರಿಯು ಈ ಇಕ್ಕಟ್ಟಾದ ಬೀದಿಗಳನ್ನು ಹೊಕ್ಕಿತು. ಅನಂತರ ಬಸವನಗುಡಿ, ಮಲ್ಲೇಶ್ವರ ಎಂಬ ಬಡಾವಣೆಗಳು ಗಾಳಿಬೆಳಕುಗಳಿಗೆ ಅವಕಾಶವುಳ್ಳವುಗಳಾಗಿ ಬೆಳೆದುವು. ಅನುಕೂಲವಂತರು ಪೇಟೆಯನ್ನು ಬಿಟ್ಟು ಅತ್ತ ಹೋದರು. ಹಾಗೆ ಹೋದವರ ಮರಿಮಕ್ಕಳು ಈಗ ಶುಲ್ಕವನ್ನು ತೆತ್ತು, ತಮ್ಮ ಮುತ್ತಜ್ಜನ ಬೀದಿಯ ಕಥೆಯನ್ನು ಇನ್ನೊಬ್ಬನ ಬಾಯಿಂದ ಕೇಳಿ ತಿಳಿಯುತ್ತಾರೆ. ಇದನ್ನು ಕಂಡು ನಗಬೇಕಾದ್ದಿಲ್ಲ. ಮರೆತದ್ದನ್ನು ಕೇಳಿ ತಿಳಿಯುವುದು ಮರೆತೇ ಇರುವುದಕ್ಕಿಂತ ಮೇಲಲ್ಲವೆ?

ನಡಿಗೆಯು ಉತ್ತರದಲ್ಲಿ, ಮೈಸೂರು ಬ್ಯಾಂಕಿನ ವೃತ್ತದ ಬಳಿ ಆರಂಭವಾಗುತ್ತದೆ. 1913ರಲ್ಲಿ ಸ್ಥಾಪಿತವಾದ ಆ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಜನರ ಬಾಯಲ್ಲಿ ವೃತ್ತಕ್ಕೆ ಮಾತ್ರ ಅದರ ಹೆಸರು ನಿಂತಿದೆ. ಅದಕ್ಕೂ ಹಿಂದೆ ಈ ಕಡೆಯಲ್ಲಿ ಪೇಟೆಯ ಯಲಹಂಕದ ಬಾಗಿಲಿತ್ತು. ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪದ ಬಾಗಿಲು, ದಕ್ಷಿಣಕ್ಕೆ ಆನೇಕಲ್ಲಿನ ಬಾಗಿಲು. ಬಾಗಿಲುಗಳೂ ಹೋದುವು, ಮಣ್ಣಿನ ಗೋಡೆಯೂ ಹೋಯಿತು. ಆದರೆ ಹಲಸೂರಿನಿಂದ ಬಹುದೂರದಲ್ಲಿರುವ ಪೊಲೀಸು ಠಾಣೆಯೊಂದಕ್ಕೆ ಹಲಸೂರು ಗೇಟ್ ಠಾಣೆಯೆಂದು ಇಂದಿಗೂ ಹೆಸರು. "ಇಲ್ಲದ ಬಾಗಿಲನ್ನು ಪೊಲೀಸರು ಕಾಯುತ್ತಿದ್ದಾರೆ" ಎಂದು ಆತನು ಹೇಳಿದಾಗ ಎಲ್ಲರೂ ನಗುತ್ತಾರೆ. ನಗುವು ನಿಂತ ಮೇಲೆ ಹೆಸರುಗಳ ಕಡೆಗೆ ಅವರ ಕಿವಿ ತಿರುಗುತ್ತದೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ: ಒಂದೊಂದೂ ಒಂದು ಸರಕನ್ನೋ ಒಂದು ಕುಲವನ್ನೋ ಹೇಳುತ್ತದೆ. ಗಾಣಿಗರಪೇಟೆಯಲ್ಲಿ ಗಾಣದ ಸದ್ದಿಲ್ಲ. ಆದರೂ ಹೆಸರು ಆಡಿಸಿದವರನ್ನು ಮರೆಯಗೊಟ್ಟಿಲ್ಲ. ದೊಡ್ಡಪೇಟೆಗೆ ಮಾತ್ರ ಆ ಭಾಗ್ಯವಿಲ್ಲದೆ, ಅದು ಅವೆನ್ಯೂ ರಸ್ತೆಯಾಗಿ, ಪುಸ್ತಕದ ಅಂಗಡಿಗಳಿಂದ ಪ್ರಸಿದ್ಧವಾಗಿದೆ.

ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಲ್ಲಿ ಆತನು ನಿಲ್ಲುತ್ತಾನೆ. 1537ರಲ್ಲಿ ಯಲಹಂಕದ ನಾಡಪ್ರಭು ಕೆಂಪೇಗೌಡನು ಪೇಟೆಯನ್ನು ಕಟ್ಟಿಸಿದನೆಂದು ಹೇಳಿ, ಒಂದು ಕ್ಷಣ ಸುಮ್ಮನಿದ್ದು, "ಇದೇ ಸ್ಥಳದಿಂದ ನಾಲ್ಕು ಜೊತೆ ಬಿಳಿಯ ಎತ್ತುಗಳನ್ನು ನೇಗಿಲಿಗೆ ಹೂಡಿ ನಾಲ್ಕು ದಿಕ್ಕಿಗೆ ಬಿಟ್ಟರಂತೆ, ನೇಗಿಲಿನ ಸಾಲುಗಳೇ ಬೀದಿಗಳಾದುವಂತೆ" ಎನ್ನುತ್ತಾನೆ. ಮೊದಲನೆಯ ಮಾತಿನಲ್ಲಿ ಇಲ್ಲದ "ಅಂತೆ" ಎರಡನೆಯದರಲ್ಲಿ ಬಂದಿತು. ಆತನ ವಿದ್ಯೆಯೆಲ್ಲ ಈ ಎರಡಕ್ಷರದ ಉಪಯೋಗದಲ್ಲಿದೆಯೆಂದರೆ ತಪ್ಪಾಗದು.

ಊರಿನ ಹೆಸರಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಹಸಿದು ಬಂದಾಗ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳಂತೆ. ಅದರಿಂದ ಬೆಂದಕಾಳೂರು ಎಂಬ ಹೆಸರಾಯಿತಂತೆ. ಈ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಗಂಗರ ಕಾಲದ, ಕ್ರಿ. ಶ. 9ನೆಯ ಶತಮಾನದ ಅಂತ್ಯಭಾಗದ ಶಾಸನವೊಂದಿದೆ. ಅದರಲ್ಲಿ ಬೆಂಗಳೂರಿನ ಕಾಳಗವು ಹೇಳಲ್ಪಟ್ಟಿದೆ. ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದುದು 1173ರಲ್ಲಿ. ಅವನು ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲೆ ಊರಿಗೆ ಈ ಹೆಸರಿತ್ತೆಂದು ಕಲ್ಲು ಹೇಳುತ್ತದೆ.

"ಹಾಗಾದರೆ ಅಜ್ಜಿ ಹೇಳಿದ ಕಥೆ ಸುಳ್ಳೇ ಸ್ವಾಮಿ?" ಎಂದು ಯಾರಾದರೂ ಕೇಳದೆ ಬಿಡುವುದಿಲ್ಲ. "ಅಜ್ಜಿ ಸುಳ್ಳು ಹೇಳಲಿಲ್ಲ ತಾಯಿ. ಅವರು ಅಂತೆ ಎಂದೇ ಹೇಳಿದ್ದರು. ಅದನ್ನು ಬಿಟ್ಟವರು ನಾವು" ಎಂಬುದು ಆತನ ಉತ್ತರ.

ಈ ಉತ್ತರದಲ್ಲಿ ಶಾಸ್ತ್ರಸಮ್ಮತವಾದ ವಿವೇಕವಿದೆ. ಪ್ರತ್ಯಕ್ಷ, ಅನುಮಾನ ಮೊದಲಾದ ಪ್ರಮಾಣಗಳೊಡನೆ ಐತಿಹ್ಯವೆಂಬುದನ್ನೂ ಪೌರಾಣಿಕರು ಎಣಿಸುತ್ತಾರೆ. ಆಲದ ಮರವೊಂದರಲ್ಲಿ ಯಕ್ಷನು ವಾಸಿಸುವನೆಂಬ ಮಾತು ಅದಕ್ಕೆ ಪ್ರಸಿದ್ಧವಾದ ಉದಾಹರಣೆ. ಮೊದಲು ಹೇಳಿದವನು ಯಾರೆಂದು ತಿಳಿಯದು. ಒಬ್ಬರಿಂದೊಬ್ಬರಿಗೆ ಮಾತು ಮಾತ್ರ ಬಂದಿದೆ. ನೈಯಾಯಿಕರು ಇದನ್ನು ಬೇರೆ ಪ್ರಮಾಣವೆಂದು ಒಪ್ಪಲಿಲ್ಲ. ಹೇಳಿದವನು ಆಪ್ತನಾದರೆ ಅದು ಶಬ್ದದಲ್ಲಿ ಸೇರುವುದೆಂದರು. ಆದರೆ ಯಾರೂ ಅಂಥ ಮಾತನ್ನು ಆಡಲೇ ಬಾರದೆನ್ನಲಿಲ್ಲ. ಕನ್ನಡವು ತರ್ಕಗ್ರಂಥದ ಈ ಸೂಕ್ಷ್ಮವನ್ನು ಅಡಿಗೆಮನೆಯ ಮಾತಿನಲ್ಲಿಯೇ ಇರಿಸಿಕೊಂಡಿದೆ. "ಇತ್ತು" ಎಂದವನು ಸಾಕ್ಷಿಯನ್ನು ತರಬೇಕು. "ಇತ್ತಂತೆ" ಎಂದವನು ತಾನು ಕೇಳಿದವನೆಂದು ಒಪ್ಪಿಕೊಂಡನು. ಅಂತೆಕಂತೆಗಳ ಸಂತೆಯೆಂದು ಇದನ್ನು ಹಳಿಯುವುದುಂಟಷ್ಟೆ. ಹಳಿಯತಕ್ಕದ್ದು ಅಂತೆಯನ್ನಲ್ಲ, ಅದನ್ನು ನುಂಗಿಬಿಡುವ ನಾಲಗೆಯನ್ನು.

ಈ ಕೆಲಸದಿಂದಲೇ ಹೊಟ್ಟೆ ಹೊರೆಯಬೇಕಾದವನಿಗೆ ನಿಯಮವು ಸುಲಭವಲ್ಲ. ಕೇಳುವವರಿಗೆ ಬೇಕಾದುದು ಅದ್ಭುತ. ಕೋಟೆಯ ದಕ್ಷಿಣದ ಬಾಗಿಲು ಕಟ್ಟಿದಂತೆಲ್ಲ ಬೀಳುತ್ತಿದ್ದಾಗ, ನರಬಲಿ ಬೇಕೆಂಬ ಮಾತನ್ನು ಕೇಳಿ ಕೆಂಪೇಗೌಡನ ಸೊಸೆ ಲಕ್ಷ್ಮೀದೇವಿಯು ತನ್ನ ಕತ್ತನ್ನು ತಾನೇ ಕತ್ತರಿಸಿಕೊಂಡಳೆಂಬ ಕಥೆಯಿದೆ. ಕೋರಮಂಗಲದಲ್ಲಿ ಆಕೆಯ ಹೆಸರಿನ ಗುಡಿಯೂ ಇದೆ. ಬಣ್ಣವಿಟ್ಟು ಹೇಳಿದರೆ ಕೇಳುವವರ ಕಣ್ಣಲ್ಲಿ ನೀರು ಬರುವುದು, ಮುಂದಿನ ವಾರಕ್ಕೆ ಜನರೂ ಹೆಚ್ಚುವರು. ಆತನು ನಾಲ್ಕು ವಾಕ್ಯಗಳಲ್ಲಿ, ನಾಲ್ಕಕ್ಕೂ ಅಂತೆಯನ್ನು ಸೇರಿಸಿ, ಮೆಲ್ಲನೆ ಹೇಳಿ ಮುಗಿಸುತ್ತಾನೆ. ಹೆಂಗಸರು ಮಾತಿಲ್ಲದೆ ನಿಂತಿರುತ್ತಾರೆ. ಕಥೆಗೆ ಸಲ್ಲಬೇಕಾದ ಗೌರವವು ಅಂತೆಯಿಂದ ಕಡಮೆಯಾದಂತೆ ತೋರುವುದಿಲ್ಲ.

ಎಚ್ಚರಿಕೆಯು ಅತ್ಯವಶ್ಯವಾಗುವುದು ಕೋಟೆಯ ಬಳಿ. 1761ರಲ್ಲಿ ಹೈದರಾಲಿಯು ಕಲ್ಲಿನಿಂದ ಬಲಪಡಿಸಿದ ಕೋಟೆಯಲ್ಲಿ ಈಗ ಉಳಿದಿರುವುದು ದಿಲ್ಲಿ ಬಾಗಿಲೂ ಅದರ ಆಸುಪಾಸಿನ ಸ್ವಲ್ಪ ಭಾಗವೂ ಮಾತ್ರ. ಒಳಗೆ ಗಣಪತಿಯ ಗುಡಿಯಿದೆ. ಕಾರ್ನ್‌ವಾಲಿಸನ ಸೈನ್ಯವು 1791ನೆಯ ಮಾರ್ಚಿ 7ರಂದು ಪೇಟೆಯನ್ನೂ 21ರಂದು ಕೋಟೆಯನ್ನೂ ಹಿಡಿಯಿತು. ಕೋಟೆಯನ್ನು ಕಾಯುತ್ತಿದ್ದ ಬಹಾದೂರ್ ಖಾನನು ಹೋರಾಡಿ ಮಡಿದನು. ಸ್ವಲ್ಪ ದೂರದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣಸ್ವಾಮಿಯ ದೇವಾಲಯ. ಅದರ ಮಗ್ಗುಲಲ್ಲಿಯೇ ಹೈದರಾಲಿ ಆರಂಭಿಸಿ 1791ರಲ್ಲಿ ಟಿಪ್ಪು ಮುಗಿಸಿದ, ತೇಗದ ಕಂಬಗಳ ಅರಮನೆ. ಚೈತ್ರ ಪೂರ್ಣಿಮೆಯ ರಾತ್ರಿ ತಿಗಳರ ಕುಲದವನೊಬ್ಬನು ಧರ್ಮರಾಯನ ಗುಡಿಯಿಂದ ಕರಗವನ್ನು ಹೊತ್ತು, ಕತ್ತಿ ಹಿಡಿದ ವೀರಕುಮಾರರೊಡನೆ ಪೇಟೆಯ ಬೀದಿಗಳಲ್ಲಿ ನಡೆಯುತ್ತಾನೆ. ಅರಳೆಪೇಟೆಯ ತವಕ್ಕಲ್ ಮಸ್ತಾನರ ದರ್ಗಾವನ್ನೂ ಸಂದರ್ಶಿಸಿ ಮುಂದೆ ಹೋಗುತ್ತಾನೆ. ಪೇಟೆಯನ್ನು ನಡೆದು ತೋರಿಸಿದವರಲ್ಲಿ ಮೊದಲಿಗನು ಆ ಕರಗದವನೇ ಎಂದು ಈ ಮಾರ್ಗದರ್ಶಕನು ವಿನಯದಿಂದ ಹೇಳುವುದುಂಟು.

ಇಷ್ಟು ಒತ್ತಾಗಿ ಬಾಳಿದವರ ನಡುವೆ, ಯಾರು ಮೊದಲು ಬಂದರು, ಯಾರು ಯಾರದನ್ನು ಕೆಡವಿದರು ಎಂಬ ಪ್ರಶ್ನೆಗಳು ಸುಮ್ಮನಿರುವುದಿಲ್ಲ. ಗುಂಪಿನಲ್ಲಿ ಒಬ್ಬನು ತಾನು ಕೇಳಿದ ಸುದ್ದಿಯನ್ನು "ಇತ್ತು, ಕೆಡವಿದರು" ಎಂದು ಗಟ್ಟಿಯಾಗಿ ಹೇಳುತ್ತಾನೆ. ಆತನು ವಾದಿಸುವುದಿಲ್ಲ. "ಶಾಸನವುಂಟೆ? ಕಾಗದಪತ್ರವುಂಟೆ? ಇಲ್ಲವಾದರೆ ಒಂದು ಅಂತೆಯನ್ನು ಸೇರಿಸಿಕೊಳ್ಳೋಣ" ಎಂದು ಮುಂದೆ ನಡೆಯುತ್ತಾನೆ. ಬೆಳಗಾದರೆ ಅಕ್ಕಪಕ್ಕದಲ್ಲಿ ಅಂಗಡಿ ತೆರೆಯಬೇಕಾದವರಿಗೆ ಈ ಎರಡಕ್ಷರದ ಬೆಲೆಯೆಷ್ಟೆಂಬುದನ್ನು ಪೇಟೆಯ ಮಗನಾದ ಆತನಿಗೆ ಯಾರೂ ಕಲಿಸಬೇಕಾದ್ದಿಲ್ಲ.

ಆದರೆ ಅಂತೆಯನ್ನು ಸೇರಿಸಲು ಆತನಿಗೂ ಮನಸ್ಸು ಬಾರದ ಸಂದರ್ಭವೊಂದಿದೆ. ಪೇಟೆಯ ಒಳಬೀದಿಗಳಲ್ಲಿ ಮರದ ಕಂಬ, ತೊಟ್ಟಿ, ಜಗಲಿಗಳುಳ್ಳ ಮನೆಗಳು ಇನ್ನೂ ಕೆಲವಿವೆ. ನೆಲದ ಬೆಲೆಯು ಏರಿದ ಕಡೆ ಮನೆ ನಿಲ್ಲುವುದು ಕಷ್ಟ. ಅಣ್ಣತಮ್ಮಂದಿರು ಪಾಲಾಗಬೇಕು, ಮಕ್ಕಳಿಗೆ ವಿದ್ಯಾಭ್ಯಾಸವಾಗಬೇಕು. ಮಾರಿದವರನ್ನು ದೂಷಿಸುವುದು ನ್ಯಾಯವಲ್ಲ. ಹೋದ ತಿಂಗಳು "ಇದೆ" ಎಂದು ತೋರಿಸಿದ ಮನೆಯ ಸ್ಥಳದಲ್ಲಿ ಈ ತಿಂಗಳು ತಗಡಿನ ಮರೆಯಿರುತ್ತದೆ. ಆಗ "ಇತ್ತು" ಎನ್ನಬೇಕಾಗುತ್ತದೆ. ಕಂಡವರೆಲ್ಲ ತೀರಿಕೊಂಡ ಮೇಲೆ ಹೇಳುವವನು "ಇತ್ತಂತೆ" ಎನ್ನುವನು. ಇದೆ ಎಂಬುದು ಇತ್ತು ಆಗುವುದನ್ನು ತಡೆಯುವ ಶಕ್ತಿ ಮಾರ್ಗದರ್ಶಕನಿಗಿಲ್ಲ. ಇತ್ತು ಎಂಬುದು ಇತ್ತಂತೆಯಾಗುವುದನ್ನು ಮಾತ್ರ ಆತನು ಒಂದೆರಡು ತಲೆಮಾರು ಮುಂದಕ್ಕೆ ತಳ್ಳಬಲ್ಲನು. ಆದ್ದರಿಂದಲೇ ಗುಂಪಿನಲ್ಲಿ ಮಕ್ಕಳಿದ್ದರೆ ಅವರನ್ನು ಮುಂದಕ್ಕೆ ಕರೆದು, ಜಗಲಿಯ ಮೇಲೆ ಕೂರಿಸಿ, ಕಂಬವನ್ನು ಮುಟ್ಟಿಸುತ್ತಾನೆ.

2017ರಿಂದ ಚಿಕ್ಕಪೇಟೆಗೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಮೆಟ್ರೋ ರೈಲು ನೆಲದಡಿಯಲ್ಲಿ ಬರುತ್ತಿದೆ. ಹೋಗಿಬರುವುದು ಈಗ ಪ್ರಯಾಸವಲ್ಲ. ಬೆಂಗಳೂರಿನಲ್ಲಿ ಬಂಧುಗಳುಳ್ಳವರು ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಒಂದು ಮುಂಜಾನೆ ಆ ಬೀದಿಗಳಲ್ಲಿ ನಡೆದು ಬರಬಹುದು. ಮಾರ್ಗದರ್ಶಕನು ದೊರೆತರೆ ಒಳ್ಳೆಯದು. ದೊರೆಯದಿದ್ದರೆ, ಜಗಲಿಯ ಮೇಲೆ ಕುಳಿತ ಹಿರಿಯರನ್ನು ಕೇಳಬಹುದು. ಅವರು ಹೇಳಿದುದರಲ್ಲಿ ಯಾವುದು ಇತ್ತು, ಯಾವುದು ಇತ್ತಂತೆ ಎಂಬುದನ್ನು ಮನೆಗೆ ಬಂದ ಮೇಲೆ ಮಕ್ಕಳಿಂದಲೇ ಹೇಳಿಸತಕ್ಕದ್ದು.