ಲೆಟ್ಟಫರ್ಡಿನ ಬಾಡಿಗೆ ಮನೆ

ಇಂಗ್ಲೆಂಡಿನ ನೈಋತ್ಯಕ್ಕೆ ಡೆವನ್ ಪ್ರಾಂತ. ಅಲ್ಲಿಯ ಡಾರ್ಟ್‌ಮೂರ್ ಎಂಬ ಬೋಳುಗುಡ್ಡಗಳ ಸೀಮೆಯಲ್ಲಿ ಲೆಟ್ಟಫರ್ಡ್ ಒಂದು ಪುಟ್ಟ ಹಳ್ಳಿ. ರಜೆಗೆಂದು ನಾವು ಬಾಡಿಗೆಗೆ ಹಿಡಿದ ‘ಸ್ಯಾಂಡರ್ಸ್’ ಎಂಬ ಮನೆ ಸುಮಾರು 1500ರಲ್ಲಿ ಕಟ್ಟಿದ್ದು. ಆಗ ವಿಜಯನಗರದಲ್ಲಿ ಕೃಷ್ಣದೇವರಾಯನಿಗೆ ಇನ್ನೂ ಪಟ್ಟವಾಗಿರಲಿಲ್ಲ!

ಗ್ರಾನೈಟ್ ಕಲ್ಲಿನ ಗೋಡೆ, ಗಿಡ್ಡ ಬಾಗಿಲು. ಮೊದಲ ದಿನವೇ ನನ್ನ ಹಣೆಗೆ ಅದರ ಪರಿಚಯವಾಯಿತು. ಇಂಥ ಮನೆಗೆ ಅಲ್ಲಿ ‘ಲಾಂಗ್‌ಹೌಸ್’ ಎಂದು ಹೆಸರು. ಒಂದೇ ಸೂರು, ನಡುವೆ ಅಡ್ಡಹಾಯುವ ಓಣಿ, ಅದರ ಒಂದು ಪಕ್ಕಕ್ಕೆ ಮನೆಮಂದಿ, ಇನ್ನೊಂದು ಪಕ್ಕಕ್ಕೆ ದನ. ಗಂಜಲ ಹರಿದುಹೋಗಲೆಂದು ಕೊಟ್ಟಿಗೆಯ ಕಡೆಗೆ ಇಳಿಜಾರು.

ನೋಡುತ್ತಿದ್ದಂತೆ ಧಾರವಾಡ ಸೀಮೆಯ ನಮ್ಮ ಮನೆ ಕಣ್ಮುಂದೆ ನಿಂತಿತು. ತಲೆಬಾಗಿಲು ದಾಟಿದರೆ ಗೋದಲಿ, ಎತ್ತುಗಳು. ಎರಡು ಮೆಟ್ಟಿಲ ಮೇಲೆ ಪಡಸಾಲೆ. ಕೊರಳಗೆಜ್ಜೆಯ ಸದ್ದಿನಿಂದಲೇ ಅಜ್ಜ, ಮಲಗಿದಲ್ಲಿಂದ, ಮೇವು ಮುಗಿದದ್ದನ್ನು ಅರಿಯುತ್ತಿದ್ದ. ದನದ ನಾತವೆಂದು ಅದನ್ನು ಮುಂದೆ ನಿಂತು ಕೆಡವಿಸಿದವನು ನಾನೇ.

ಸ್ಯಾಂಡರ್ಸ್ ಉಳಿದದ್ದು ಬಾಡಿಗೆಯ ಬಲದಿಂದ. 1965ರಲ್ಲಿ ಸರ್ ಜಾನ್ ಸ್ಮಿತ್ ದಂಪತಿಗಳು ಸ್ಥಾಪಿಸಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಶಿಥಿಲವಾದ ಹಳೆಯ ಕಟ್ಟಡಗಳನ್ನು ದುರಸ್ತಿಮಾಡಿ ವಿಹಾರಕ್ಕೆ ಬರುವವರಿಗೆ ಕೊಡುತ್ತದೆ. ಆ ಹಣ ಅವುಗಳ ಪಾಲನೆಗೇ ಸಲ್ಲುತ್ತದೆ. ಮನೆಯಲ್ಲಿ ದೂರದರ್ಶನವಿಲ್ಲ. ಬಂದುಹೋದವರು ಬರೆದಿಡುವ ಪುಸ್ತಕವೊಂದಿದೆ.

ಹೊರಡುವ ದಿನ ಅದನ್ನು ತೆರೆದೆ.

“ನಮ್ಮನೀ ವಿಷಯಾನೂ ಬರೀರಲ್ಲ,” ಎಂದಳು ನನ್ನಾಕೆ.

“ಕೆಡವಿದ್ದನ್ನೂ ಬರೆಯಲೇನು?”

ಆಕೆ ಉತ್ತರಿಸಲಿಲ್ಲ. ಗೋದಲಿಯನ್ನೂ ಪಡಸಾಲೆಯನ್ನೂ ವರ್ಣಿಸಿ, ಅಷ್ಟಕ್ಕೇ ಸಹಿ ಹಾಕಿದೆ.